ಶಂಕರಲಿಂಗಪ್ಪನಿಗೆ ಬಂದ ವಂದನೆಯ ಕಾರ್ಡು

ಮದಲೂರಿನ ಚನ್ನಮಲ್ಲಮ್ಮನನ್ನು ಜನ ಬಜಾರಿ ಎನ್ನುತ್ತಾರೆ. ಅನ್ನುವವರ ನಾಲಿಗೆ ಬಿದ್ದುಹೋಗಲಿ! ಶಿರಾ ಸೀಮೆಯಲ್ಲಿ ಟಪಾಲು ಹಂಚುವ ಅಡವಯ್ಯ ನಾನು, ಯಾರ ಯೋಗ್ಯತೆ ಏನೆಂದು ನನಗೆ ಗೊತ್ತು.

ಅವಳಿಗೆ ಹದಿನೆಂಟು ತುಂಬುವಷ್ಟರಲ್ಲೇ ಗಂಡ ತೀರಿಕೊಂಡ. ಭಾವನ ಮನೆಯಲ್ಲಿ ರಾಗಿ ಬೀಸುತ್ತಲೇ ಓದಿದಳು, ತುಮಕೂರಿಗೆ ಹೋಗಿ ಪರೀಕ್ಷೆ ಪಾಸು ಮಾಡಿದಳು. ಮೂವತ್ತೆಂಟನೇ ಇಸವಿಯಲ್ಲಿ ಪಕ್ಕದ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮೇಷ್ಟರಮ್ಮನ ಕೆಲಸ ಸಿಕ್ಕರೆ ಭಾವನ ಹಂಗು ತಪ್ಪಿ ತನ್ನದೇ ಒಲೆ ಹೂಡಬಹುದೆಂಬ ಆಸೆ ಅವಳದು.

ಶಾಲಾ ಕಮಿಟಿಗೆ ಶಂಕರಲಿಂಗಪ್ಪ ಅಧ್ಯಕ್ಷ. ಅಕ್ಷರ ಬಾರದು, ದರ್ಪಕ್ಕೆ ಮಾತ್ರ ಬರವಿಲ್ಲ. ಇಂಟರ್ವ್ಯೂನಲ್ಲಿ ಲೆಕ್ಕ ಕೇಳಿದರು, ಹೇಳಿದಳು. ಪದ್ಯ ಕೇಳಿದರು, ಹೇಳಿದಳು. ಮಿಕ್ಕವರು ಎದ್ದುಹೋದ ಮೇಲೆ ಆತ, "ಸಂಜಿಕೆ ಒಬ್ಳೇ ತ್ವಾಟದ ಮನೆ ತಾವ ಬಾ, ಉಳ್ದಿದ್ನ ಅಲ್ಲಿ ಕೇಳ್ತೀನಿ" ಎಂದ. ಅವಳು ಹೋಗಲಿಲ್ಲ. ಕೆಲಸ ಬೇರೆಯವಳ ಪಾಲಾಯಿತು. ಥೂ, ಅವನ ಯಜಮಾನಿಕೆಗಿಷ್ಟು ಬೆಂಕಿ ಹಾಕ!

ಹದಿನೈದು ದಿನ ಬಿಟ್ಟು ಚನ್ನಮಲ್ಲಮ್ಮ ನನ್ನ ಕೈಗೆ ಒಂದು ಕಾರ್ಡು ಕೊಟ್ಟಳು.

"ಇಂಟರ್ವ್ಯೂಗೆ ಕರ್ದಿದ್ಕೆ ವಂದ್ನೆ ಬರ್ದಿವ್ನಿ, ಅಡವಣ್ಣ. ಅವ್ರ ಮನೆ ಜಗಲಿ ಮ್ಯಾಲೆ ನಿಂತು ಓದು."

ಓದು ಬಾರದವರಿಗೆ ಬಂದ ಕಾರ್ಡನ್ನು ಟಪಾಲಿನವನೇ ಓದಿ ಹೇಳುವುದು ನಮ್ಮ ಕಡೆಯ ವಾಡಿಕೆ. ಕಾರ್ಡಿನ ಮೇಲೆ ಕಣ್ಣಾಡಿಸಿದೆ.

"ಇದ್ನ ಓದುದ್ರೆ ನಿನ್ ಹೆಸ್ರೂ ಬೀದಿಗೆ ಬೀಳ್ತದೆ ಕಣಮ್ಮ."

"ಬೀಳ್ಲಿ. ನನ್ ಬಾಳಿಗೆ ಮಣ್ಣು ಹಾಕ್ದೋನ ಹೆಸ್ರು ಉಳೀಬಾರ್ದು, ಅಷ್ಟೆ."

ಮೊಹರು ಹಾಕಿಸಿ ಮರುದಿನವೇ ಒಯ್ದೆ. ಜಗಲಿಯ ಮೇಲೆ ಹತ್ತು ಜನ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ನಡುವೆ ಶಂಕರಲಿಂಗಪ್ಪ.

"ಇಂಟರ್ವ್ಯೂಗೆ ಬಂದಿದ್ರಲ್ಲ ಮದಲೂರಿನ ಅಮ್ಮ, ವಂದ್ನೆ ಬರ್ದವ್ರೆ ಯಜಮಾನ್ರೆ" ಎಂದೆ.

ಆತ ಮೀಸೆಯ ಮೇಲೆ ಕೈಯಾಡಿಸಿದ. "ನೋಡ್ರಲಾ, ಕೆಲ್ಸ ಕೊಡ್ದಿದ್ರೂ ಕೈ ಮುಗೀತಾರೆ ನಂಗೆ! ಎಲ್ರಿಗೂ ಕೇಳಂಗೆ ಓದ್ಲಾ."

ಓದಿದೆ. "ಶಂಕರಲಿಂಗಪ್ಪನವರಿಗೆ ಶರಣು. ಇಂಟರ್ವ್ಯೂಗೆ ಕರೆದಿರಿ, ವಂದನೆ. ಅದು ಮುಗಿದ ಮೇಲೆ ಸಂಜೆ ಒಬ್ಬಳೇ ತೋಟದ ಮನೆಗೆ ಬಾ ಎಂದು ಕರೆದಿರಿ, ಅದಕ್ಕೂ ವಂದನೆ. ನಾನು ಬರಲಿಲ್ಲ, ಕೆಲಸ ತಪ್ಪಿಸಿದಿರಿ. ನಿಮ್ಮ ಹೆಣ್ಣುಮಕ್ಕಳಿಗೆ ನಿಮ್ಮಂಥ ಅಧ್ಯಕ್ಷರು ಸಿಗದಿರಲಿ. ಚನ್ನಮಲ್ಲಮ್ಮ."

ಶಂಕರಲಿಂಗಪ್ಪ ಕಾರ್ಡು ಕಿತ್ತುಕೊಳ್ಳಲು ಎದ್ದ. ಅಷ್ಟರಲ್ಲಿ ಬಾಗಿಲ ಮರೆಯಿಂದ ಅವನ ಹೆಂಡತಿ ಶಿವರುದ್ರಮ್ಮ ಹೊಸಿಲು ದಾಟಿ ಬಂದರು. ಗಂಡಸರು ಕೂತ ಜಗಲಿಗೆ ಆ ತಾಯಿ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕುಂತ್ಕಳಿ. ನಿಮ್ಗೇ ಬಂದಿರಾದು" ಎಂದು ಗಂಡನಿಗೆ ಹೇಳಿ ನನ್ನತ್ತ ತಿರುಗಿದರು. "ನನ್ ಮೂರು ಹೆಣ್ಮಕ್ಳೂ ಒಳಗವ್ರೆ, ಅಡವಯ್ಯ. ಅವ್ರಿಗೂ ಕೇಳ್ಲಿ, ಮೊದ್ಲಿಂದ ಓದು."

ಶಂಕರಲಿಂಗಪ್ಪ ಕೂತ. ನಾನು ಮೊದಲಿಗಿಂತ ಜೋರಾಗಿ ಓದಿದೆ.