ಕಾಂಡ್ಲ ಕಡಿದ ವರ್ಷ

ಮದುವೆಯಾಗಿ ನಾನು ಬಂದದ್ದು ಕುಂದಾಪುರದ ಹೊಳೆಯ ನಡುವಿನ ಒಂದು ಕುದ್ರುವಿಗೆ. ಅರವತ್ತರ ದಶಕದ ಆರಂಭ. ಬಿಜೂರಿನ ಬಯಲಲ್ಲಿ ಓಡಾಡಿ ಬೆಳೆದವಳಿಗೆ ಸುತ್ತಲೂ ನೀರಿದ್ದ ಆ ತುಂಡು ನೆಲದಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು. ಮನೆಯಲ್ಲಿ ಅತ್ತೆ, ಗಂಡ, ನಾನು. ಮಾವ ತೀರಿಕೊಂಡಿದ್ದರು. ಉಪ್ಪುನೀರು ಗದ್ದೆಗೆ ನುಗ್ಗದಂತೆ ಮಣ್ಣಿನ ದಂಡೆ. ದಂಡೆಯ ಹೊರಗೆ, ಕೆಸರಿನಲ್ಲಿ ಬೇರು ಹರಡಿಕೊಂಡು ಆಳೆತ್ತರ ಮೀರಿ ಬೆಳೆದ ಕಾಂಡ್ಲ ಗಿಡಗಳು. ಅವುಗಳ ಆಚೆ, ಎದುರು ದಡದ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ.

"ಈ ಕಾಂಡ್ಲ ಕಡ್ದ್ರೆ ರಸ್ತಿಯಾರೂ ಕಾಂತಿತ್ತ್," ಎಂದು ಒಂದು ದಿನ ಗಂಡನಿಗೆ ಹೇಳಿದೆ. ಅವರು ಬೇಸಿಗೆಯಲ್ಲಿ ಮನೆ ಎದುರಿನ ಗಿಡಗಳನ್ನೆಲ್ಲ ಕಡಿದು ಸೌದೆಗೆ ಒಟ್ಟಿದರು. ರಸ್ತೆ ಕಂಡಿತು. ನನಗೆ ಖುಷಿಯೋ ಖುಷಿ.

ದಂಡೆಯಲ್ಲಿ ಮೊದಲಿನಿಂದಲೂ ಏಡಿಗಳ ಬಿಲಗಳಿದ್ದವು. ಬೇರು ಮಣ್ಣನ್ನು ಹಿಡಿದಿದ್ದರಿಂದ ಕುಸಿಯುತ್ತಿರಲಿಲ್ಲ. ಈಗ ಅಲೆ ನೇರ ದಂಡೆಗೇ ಬಡಿಯತೊಡಗಿತು. ಒಂದೊಂದು ಉಬ್ಬರಕ್ಕೂ ಬಿಲದ ಬಾಯಿ ಅಗಲವಾಯಿತು. ಗಂಡ ಹುಲ್ಲು, ಮಣ್ಣು ತುರುಕಿ ಬಂದರೆ, ಮರುದಿನ ಏಡಿ ಪಕ್ಕದಲ್ಲೇ ಇನ್ನೊಂದು ತೋಡಿರುತ್ತಿತ್ತು.

ಆಸಾಡಿ ಬಂತು. ಹೊಸ ಮದುಮಗಳು ತವರಿಗೆ ಹೋಗುವ ತಿಂಗಳು. ನಾಳೆ ಅಪ್ಪಯ್ಯ ಕರೆಯಲು ಬರುತ್ತಾರೆ ಎನ್ನುವಾಗ ಅಮಾವಾಸ್ಯೆಯ ಉಬ್ಬರ, ಮೇಲಿಂದ ಮಳೆಯ ನೆರೆ. ಮಧ್ಯಾಹ್ನ ದಂಡೆ ಬಿಲಗಳ ಸಾಲಿನಲ್ಲೇ ಒಡೆಯಿತು. ಅಲ್ಲಿ ಕಟ್ಟಿದ್ದ ದೋಣಿಯೂ ಕೊಚ್ಚಿಹೋಯಿತು. ನೀರು ಗದ್ದೆ ತುಂಬಿ ಜಗಲಿಯ ಮೆಟ್ಟಿಲಿಗೆ ಬಂದು ನಿಂತಿತು. ದನಗಳನ್ನು ಜಗಲಿಗೇ ಹತ್ತಿಸಿದೆವು.

ಬೆಳಿಗ್ಗೆ ಅಪ್ಪಯ್ಯ ಆಚೆ ದಡದಲ್ಲಿ ಕೊಡೆ ಹಿಡಿದು ನಿಂತಿದ್ದರು. "ಹ್ವಾಯ್!" ಎಂದು ಕೂಗಿದ್ದು ಕೇಳಿಸಿತು, ಮುಂದಿನ ಮಾತು ಗಾಳಿಗೆ ಹೋಯಿತು. ನಾನು ಸೆರಗು ಬೀಸಿದೆ. ಆ ಸೆಳೆತಕ್ಕೆ ಯಾವ ದೋಣಿಯವನೂ ಇಳಿಯಲಿಲ್ಲ. ಮಧ್ಯಾಹ್ನದವರೆಗೆ ನಿಂತಿದ್ದು ಅಪ್ಪಯ್ಯ ತಿರುಗಿ ನಡೆದರು. ಬಸ್ಸು ಹತ್ತಿದ್ದೂ ಕಂಡಿತು.

ಒಳಗೆ ಬಂದು ಅತ್ತೆಯ ಹತ್ತಿರ ಅತ್ತುಬಿಟ್ಟೆ. "ಕಾಂಡ್ಲ ಕಡೂಕ್ ಹೇಳದ್ದ್ ನಾನೇ," ಎಂದೆ.

ಅತ್ತೆ ಒಲೆ ಊದುತ್ತಿದ್ದರು. "ಗೊತ್ತಿತ್ತ್ ಹೆಣೆ. ಈ ಮನಿಗ್ ಬಂದ್ ಹೊಸ್ತ್ರಲ್ಲಿ ನಾನೂ ಹಾಂಗೇ ಹೇಳಿದ್ದೆ. ನಿನ್ನ್ ಮಾವಯ್ಯ ಕಡೀಲಿಲ್ಲ. ಎಷ್ಟೋ ವರ್ಷ ಅವ್ರ್ ಮೇಲ್ ಸಿಟ್ಟಿತ್ತ್ ನಂಗೆ."

ನೀರಿಳಿಯುವವರೆಗೆ ಎಂಟು ದಿನ ಹಾಗೇ ಕಳೆದೆವು. ಒಡೆದ ಜಾಗವನ್ನು ಮುಚ್ಚಲಾಗಲೇ ಇಲ್ಲ. ಹೊಳೆ ಅದನ್ನೇ ದಾರಿ ಮಾಡಿಕೊಂಡು ಕುದ್ರುವನ್ನು ಎರಡು ಹೋಳು ಮಾಡಿತು. ಗದ್ದೆ ಕೆಸರಾಯಿತು, ಏಡಿ ಹೆಚ್ಚಿದವು, ಅವನ್ನು ಹೆಕ್ಕಲು ಬೆಳ್ಳಕ್ಕಿ ಬಂದವು. ಮೂರು ನಾಲ್ಕು ವರ್ಷಕ್ಕೆ ಕಾಂಡ್ಲದ ಕೋಡಿನಂಥ ಉದ್ದ ಬೀಜಗಳು ತೇಲಿಬಂದು ಆ ಕೆಸರಿನಲ್ಲಿ ತಾವಾಗಿ ನಾಟಿಕೊಂಡವು, ಬೇರಿನ ಬುಡದಲ್ಲಿ ಮಣ್ಣು ಕೂತಿತು. ಗದ್ದೆ ಮಾತ್ರ ಮರಳಲಿಲ್ಲ. ಗಂಡ ಆಚೆ ದಡದಲ್ಲಿ ಬೇರೆಯವರ ಗದ್ದೆ ಗೇಣಿಗೆ ಮಾಡಿದರು.

ನಾನು ತವರಿಗೆ ಹೋದದ್ದು ಆ ವರ್ಷದ ಆಸಾಡಿ ಮುಗಿದು ಸೋಣೆ ತಿಂಗಳಲ್ಲಿ. "ಇನ್ನ್ ನಾಲ್ಕ್ ದಿನ ಇರ್," ಎಂದಳು ಹೆತ್ತಬ್ಬಿ. ಬಯಲಲ್ಲಿ ನಡೆದೆ, ಅಕ್ಕಪಕ್ಕದವರನ್ನು ಮಾತಾಡಿಸಿದೆ, ಎಲ್ಲೂ ನಿಲ್ಲಲಾಗಲಿಲ್ಲ. ಮಳೆ ಜೋರಾದಾಗಲೆಲ್ಲ ಕುದ್ರುವಿನಲ್ಲಿ ಅವರಿಬ್ಬರೇ ಇದ್ದಾರಲ್ಲ ಅನ್ನಿಸುತ್ತಿತ್ತು. ಮೂರನೆಯ ದಿನ ಅಪ್ಪಯ್ಯನೊಡನೆ ಕುಂದಾಪುರದ ಬಸ್ಸು ಹತ್ತಿದೆ.