ಒಂಬತ್ತನೇ ಡಬ್ಬಿಯ ಊಟ

ಹೋದ ತಿಂಗಳು ನಮ್ಮ ಮಿರಜದ ಮನೆಯಲ್ಲಿ ಹೆರಿಗೆ ಆಯಿತು. ಒಂದೇ ಸಲಕ್ಕೆ ಒಂಬತ್ತು!

ಗಾಬರಿ ಬೇಡ. ಹೆತ್ತದ್ದು ಸೊಸೆಯಲ್ಲ, ಸೊಸೆಯ ಹಾವು.

ಸೊಸೆಯ ಹೆಸರು ಸಾಯಲಿ (ತಪ್ಪು ತಿಳಿಯಬೇಡಿ, ಮರಾಠಿಯಲ್ಲಿ ಅದೊಂದು ಹೂವಿನ ಹೆಸರು). ಕುಪವಾಡ ಎಂಐಡಿಸಿಯ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮದುವೆಯಾಗಿ ಹತ್ತು ತಿಂಗಳು. ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಮಾತು ಕಡಿಮೆ, ಊಟ ಅದಕ್ಕಿಂತ ಕಡಿಮೆ. ತವರಿನಿಂದ ಬರುವಾಗ ಎರಡು ಸೂಟ್‌ಕೇಸ್, ಒಂದು ಮಿಕ್ಸರ್, ಒಂದು ಜೋಡಿ ಬೋವಾ ಹಾವು ತಂದಳು. ಹೊರದೇಶದ ಜಾತಿ, ವಿಷವಿಲ್ಲ, ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತವೆ. (ಸರ್ಕಾರದ ಕಾಗದಪತ್ರ ಎಲ್ಲಾ ಸರಿಯಾಗಿವೆ. ದಯವಿಟ್ಟು ಯಾರೂ ಫಾರೆಸ್ಟಿನವರಿಗೆ ಫೋನ್ ಹಚ್ಚಬೇಡಿ.)

ನಮ್ಮದು ಪಾತ್ರೆ-ಭಾಂಡೆ ಅಂಗಡಿಯ ಲಿಂಗಾಯತ ಮನೆ. ಕೋಳಿಮೊಟ್ಟೆ ಸಹ ಹೊಸ್ತಿಲು ದಾಟಿಲ್ಲ. ಹಾಗಾಗಿ ಹಾವುಗಳ ಸಂಸಾರ ಮಾಳಿಗೆಯ ಮೇಲಿನ ರೂಮಿನಲ್ಲಿ. ಅಲ್ಲೇ ಅವಕ್ಕೊಂದು ಬೇರೆ ಫ್ರಿಜ್ಜು. ಅದರಲ್ಲಿ ಏನಿದೆ ಅಂತ ನಾನು ಕೇಳಿಲ್ಲ. (ಗೊತ್ತಿದೆ. ಇಲಿಮರಿ.)

ಆದರೂ ಮರಿ ಅಂದಮೇಲೆ ಮರಿಯೇ ಅಲ್ಲವೇ? ಹುಟ್ಟಿ ಹತ್ತು ದಿನವಾದರೂ ಒಂದರ ಬಾಯಿಗೂ ಏನೂ ಬಿದ್ದಿಲ್ಲ ಅಂದಾಗ ನನಗೆ ಜೀವ ತಡೆಯಲಿಲ್ಲ. ಮೊದಲ ಪೊರೆ ಬಿಡುವ ತನಕ ಅವು ಉಣ್ಣುವುದಿಲ್ಲ ಅಂತ ಸಾಯಲಿ ತಿಳಿಸಿ ಹೇಳಿದಳು. ಪೊರೆ ಬಿಟ್ಟವು. ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ನಂಬರ್ ಬರೆದು, ಊಟಕ್ಕೆ ಶುರು ಮಾಡಿದಳು. ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಒರೆಸಿ, ಚಿಮಟದಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಬೇಕು. ಎಂಟು ಮರಿಗಳು ಗಬಕ್ಕನೆ ಹಿಡಿದವು, ಸುತ್ತಿದವು, ನುಂಗಿದವು.

ಒಂಬತ್ತನೇ ಡಬ್ಬಿಯದು ಮುಖ ತಿರುಗಿಸಿತು.

ವಾರ ಬಿಟ್ಟು ಮತ್ತೆ ಕೊಟ್ಟಳು. ಒಲ್ಲೆ. ಇನ್ನೊಂದು ವಾರ. ಒಲ್ಲೆ. ಬೆನ್ನಿನ ಎಲುಬು ಎದ್ದು ಕಾಣತೊಡಗಿತು. ಇದೊಂದು ಸಲ ನೋಡೋಣ, ಉಣ್ಣದಿದ್ದರೆ ಬಾಯಿ ಬಿಡಿಸಿ ತುರುಕಬೇಕು, ಅಷ್ಟು ಸಣ್ಣ ಜೀವ ಆ ಅಂಜಿಕೆಗೇ ಸತ್ತರೂ ಸಾಯಬಹುದು ಅಂದಳು. ರವಿವಾರ ಮಧ್ಯಾಹ್ನ ಇಲಿಮರಿಯನ್ನು ಡಬ್ಬಿಯೊಳಗೇ ಇಟ್ಟು, ಟವೆಲ್ ಹೊದಿಸಿ, ಸಂಜೆ ತನಕ ಯಾರೂ ಮುಟ್ಟಬಾರದು ಅಂತ ಹೇಳಿ ಕೆಳಗಿಳಿದಳು.

ನಾನು ಮುಟ್ಟಲಿಲ್ಲ. ಟವೆಲ್ಲಿನ ತುದಿ ಎತ್ತಿದೆ, ಅಷ್ಟೇ. ಒಣಗಿದ ಬಟ್ಟೆ ತರುವ ನೆಪದಲ್ಲಿ ಒಮ್ಮೆ, ಹಪ್ಪಳ ತಿರುವಿ ಹಾಕುವ ನೆಪದಲ್ಲಿ ಇನ್ನೊಮ್ಮೆ. ಮೂರನೇ ಸಲ ಬಗ್ಗಿ, "ಉಣ್ಣವಾ, ಒಂದ್ ತುತ್ತರ ಉಣ್ಣು" ಅನ್ನುತ್ತಿದ್ದೆ. ಹಿಂದೆ ಸಾಯಲಿ ನಿಂತಿದ್ದಳು.

ಹಿಂದಿನ ವಾರಗಳಲ್ಲೂ ಅವಳ ಹೆಗಲ ಮೇಲಿಂದ ಹಣಿಕಿ ಹಾಕಿದವಳು ನಾನೇ. ಉಳಿದ ಎಂಟು ಗಟ್ಟಿಗಿತ್ತಿಯರು, ಯಾರ ಮುಂದೆ ಬೇಕಾದರೂ ಉಂಡವು. ಇದೊಂದು ಅಂಜುಬುರುಕಿ. ಇವತ್ತು ಬೈಗುಳ ಗ್ಯಾರಂಟಿ ಅಂದುಕೊಂಡೆ. ಆಕೆ ಬೈಯಲಿಲ್ಲ. ಟವೆಲ್ ಸರಿ ಮಾಡಿ, ನಿಧಾನಕ್ಕೆ, ಕನ್ನಡದಲ್ಲೇ ಹೇಳಿದಳು: "ಆಯಿ, ನಂದೂ ಹಂಗ ಐತ್ರಿ. ಎಲ್ಲಾರೂ ನನ್ನ ತಾಟ ನೋಡಿದ್ರ ಗಂಟಲದಾಗ ಇಳಿಯಂಗಿಲ್ಲ."

ಹತ್ತು ತಿಂಗಳಿಂದ ಈ ಹುಡುಗಿ ಒಂದೇ ರೊಟ್ಟಿಗೆ ಕೈ ತೊಳೆಯುತ್ತಿದ್ದಳು. ನನ್ನ ಅಡುಗೆ ಸೇರುತ್ತಿಲ್ಲ ಅಂತ ನಾನು ಒಳಗೊಳಗೇ ಮುನಿಸಿಕೊಂಡಿದ್ದೆ. "ಇಷ್ಟ ಸಾಕೇನ? ಡಯೆಟ್ ಏನ?" ಅಂತ ಇಡೀ ಮನೆಯೆದುರು ಕೇಳಿದ್ದೆ. ಅದನ್ನೇ ಪ್ರೀತಿ ಅಂದುಕೊಂಡಿದ್ದೆನಲ್ಲ! ಮತ್ತೆ ಹೊಟ್ಟೆಗೇನು ಮಾಡುತ್ತೀ ಅಂತ ಕೇಳಿದರೆ, ಫ್ಯಾಕ್ಟರಿ ಕ್ಯಾಂಟೀನಿನ ವಡಾಪಾವ್ ಅಂದಳು. ನಾಚಿಕೆಯಾಯಿತು. ಇಬ್ಬರೂ ಕೆಳಗೆ ಬಂದು ಚಹಾ ಕುಡಿದೆವು.

ಸಂಜೆ ಅವಳೊಬ್ಬಳೇ ಮೇಲೆ ಹೋದಳು. ನನ್ನ ಕಾಲು ಎರಡು ಸಲ ಮೆಟ್ಟಿಲ ತನಕ ಹೋಗಿ ತಿರುಗಿ ಬಂತು. ಇಳಿದು ಬಂದ ಸಾಯಲಿಯ ಮುಖ ನೋಡಿಯೇ ತಿಳಿಯಿತು. ಡಬ್ಬಿಯಲ್ಲಿ ಇಲಿಮರಿ ಇಲ್ಲ, ಒಂಬತ್ತರ ಹೊಟ್ಟೆ ಉಬ್ಬಿದೆ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ?

ಅಂದು ಊಟಕ್ಕೆ ರೊಟ್ಟಿ ಬುಟ್ಟಿಯನ್ನು ನಡುವೆ ಇಟ್ಟು, ನಾನು ಟಿವಿ ಕಡೆ ಮುಖ ಮಾಡಿ ಕುಂತೆ. ಸಾಯಲಿ ಎರಡನೇ ರೊಟ್ಟಿಯನ್ನು ತಾನೇ ತೆಗೆದುಕೊಂಡಳು.

(ಇಲ್ಲ, ನೋಡಲಿಲ್ಲ. ಆಮೇಲೆ ಬುಟ್ಟಿ ಎಣಿಸಿದೆ.)