ಒಪ್ಪು ಹಾಕುವ ಕೈ

ಬಲಗೈ ಮಣಿಕಟ್ಟಿನಿಂದಾಚೆಗೆ ಇಲ್ಲದ ನನ್ನ ಭಾವ ಮಾದಪ್ಪನವರ ಮುಂದೆ ವಿಮಾ ಕಚೇರಿಯ ಗುಮಾಸ್ತರು ಪೆನ್ನು ಇಟ್ಟು, "ಒಪ್ಪು ಹಾಕಿ, ಹಳೇ ಒಪ್ಪಿನ ಥರಾನೇ ಇರ್ಬೇಕು" ಎಂದರು. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಮೀನಂಗಡಿಯ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಿಕ್ಕಿದ್ದು ಆ ಹಳೇ ಒಪ್ಪು ಹಾಕಿದ್ದ ಕೈಯೇ. ದುಡಿಯಲಾಗದವರಿಗೆ ಕೊಡುವ ಪರಿಹಾರ ಕೇಳಲು ನಾವು ಹೋಗಿದ್ದೆವು.

"ನಂಗೆ ಒಪ್ಗೆ ಅದೆ ಸಾರೆ, ಒಪ್ಪು ಹಾಕಕ್ಕೆ ಕೈ ಇಲ್ಲ" ಎಂದರು ಭಾವ.

ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳಿ ಎಂದು ನಾನು ಕೇಳಿಕೊಂಡೆ. ಅದು ಅಕ್ಷರ ಬಾರದವರಿಗೆ ಮಾತ್ರವಂತೆ. ಭಾವನಿಗೆ ಅಕ್ಷರ ಬರುತ್ತದೆ ಎನ್ನುವುದಕ್ಕೆ ಹಳೇ ಸಹಿಯೇ ಸಾಕ್ಷಿಯಂತೆ. ಕೈ ಹೋದದ್ದಕ್ಕೆ ಡಾಕ್ಟರ ಸರ್ಟಿಫಿಕೇಟೂ ಅದೇ ಕಡತದಲ್ಲಿತ್ತು, ಅದನ್ನು ಯಾರೂ ಸಾಕ್ಷಿ ಎನ್ನಲಿಲ್ಲ.

ಕೊನೆಗೆ ಭಾವ ಎಡಗೈಯಲ್ಲಿ ಪೆನ್ನು ಹಿಡಿದು, ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ತಿದ್ದಿ ತಮ್ಮ ಹೆಸರು ಬರೆದರು. ಗುಮಾಸ್ತರು ಎರಡೂ ಸಹಿಗಳನ್ನು ಅಕ್ಕಪಕ್ಕ ಹಿಡಿದು ನೋಡಿ ಮನಸಾರೆ ಮೆಚ್ಚಿಕೊಂಡರು. "ಎಡಗೈ ಇಷ್ಟು ಚೆನ್ನಾಗಿ ಓಡುತ್ತಲ್ಲ. ಮತ್ತೆ ಕೆಲಸ ಮಾಡಕ್ಕಾಗಲ್ಲ ಅಂತ ನಾನು ಹೇಗೆ ಬರೀಲಿ?" ಎಂದು ಅರ್ಜಿಯನ್ನು ವಾಪಸು ಭಾವನ ಎಡಗೈಗೇ ಕೊಟ್ಟರು.

ನಾನೂ ಅದೇ ಮಿಲ್ಲಿನಲ್ಲಿ ಮರ ಕೊಯ್ಯುವವನು. ಅಂದಿನಿಂದ ದಿನಾ ಎಡಗೈಯಲ್ಲಿ ಸಹಿ ಹಾಕುವುದನ್ನು ಕಲಿಯುತ್ತಿದ್ದೇನೆ. ಅದು ಹಳೇ ಸಹಿಯಂತೆಯೇ ಇರಬೇಕು, ಆದರೆ ದುಡಿಯಬಲ್ಲ ಕೈ ಎನಿಸುವಷ್ಟು ಚೆನ್ನಾಗಿರಬಾರದು. ಆ ಹದ ಮಾತ್ರ ಇನ್ನೂ ಸಿಕ್ಕಿಲ್ಲ.